ಇಲಿಬೋನು ಇಡದ ದಿನಗಳು

ಜೂನ್ 9, ಸೋಮವಾರ
ಅಂಗನವಾಡಿಗೆ ಹೊರಡೋ ಹೊತ್ತಿಗೇ ರಾದ್ಧಾಂತ. ಹಸು ಹಾಲು ಕಡಿಮೆ ಕೊಟ್ಟಿತು, ಬೂಸಾ ಕೋಣೆಯಲ್ಲಿ ಹಾವು ಕಂಡಿತು. ಅಮ್ಮನ ತೀರ್ಪು ಸಿದ್ಧ: "ಕೇರೆ ಆವು ಕಾಲಿಗೆ ಸುತ್ಕಂಡು ಕುಡ್ಕಂಡದೆ ಕಣಮ್ಮಿ."

ಕೆರಗೋಡಿನಿಂದ ಹಾವು ಹಿಡಿಯೋ ಮಹದೇವು ಅವರನ್ನು ಕರೆಸಿದೆ. ಹಿಡಿದು ಚೀಲಕ್ಕೆ ಬಿಟ್ಟು ನಕ್ಕರು. "ಅದ್ರ ಹಲ್ಲು ತಾಕುದ್ರೆ ಹಸ ಒದೀದೆ ಬುಟ್ಟದಾ ಅವ್ವ? ಹಾವು ಹಾಲಿಗೆ ಬರಲ್ಲ, ಇಲಿಗೆ ಬತ್ತದೆ. ಕುಡಿಯೋದು ನೀರು." ಅಮ್ಮ ಒಪ್ಪಲಿಲ್ಲ. ನಾನು ಅವರ ಕೈ ನೋಡುತ್ತಿದ್ದೆ. ಥೂ, ಏನು ಬರೀತಿದ್ದೀನಿ.

ಜೂನ್ 12
ಬೋನಿಗೆ ಕೊಬ್ಬರಿ ಸಿಕ್ಕಿಸಲು ಹೋದವಳು ಹಾಗೇ ವಾಪಸ್. ಇಲಿ ಇದ್ದರೆ ಹಾವು. ಹಾವು ಬಂದರೆ... ಗಂಡ ತೀರಿಕೊಂಡ ಮೇಲೆ ಯಾರ ಬೈಕ್ ಸದ್ದಿಗೂ ಹೀಗೆ ಕಾದಿರಲಿಲ್ಲ.

ಜುಲೈ 3
ಬಂತು! ಅವರೂ ಬಂದರು. ಟೀ ಕೊಟ್ಟೆ. ಬೇಕಂತಲೇ ಕೇಳಿದೆ — ಹಾವಾಡಿಗರ ಹಾವು ಹಾಲು ಕುಡಿಯುತ್ತಲ್ಲ?

"ದಿನಗಟ್ಲೆ ನೀರು ಕೊಡ್ದೆ ಒಣಗಿಸಿರ್ತರೆ ಟೀಚ್ರೇ. ಬಾಯಾರ್ದಾಗ ಸಿಕ್ಕಿದ್ದು ಕುಡೀತದೆ."

ಅಷ್ಟಕ್ಕೇ ಕಣ್ಣು ತುಂಬಬೇಕೇ? ಒಲೆ ಹೊಗೆ ಅಂದೆ. ಇರೋದು ಗ್ಯಾಸ್ ಒಲೆ!

ಅವರು ಹೋದ ಮೇಲೆ ಅಮ್ಮ: "ಆವು ಇಡಿಯೋನ್ಗೆ ಯಾರೂ ಎಣ್ಣು ಕೊಡ್ನಿಲ್ವಂತೆ, ಪಾಪ." ನನಗೆ ಖುಷಿಯಾಯಿತು. ನಾಚಿಕೆಯೂ ಆಯಿತು.

ಜುಲೈ 29, ನಾಗರ ಪಂಚಮಿ
ಅಮ್ಮ ಹುತ್ತಕ್ಕೆ ಹಾಲೆರೆದು ಬಂದಳು. ಹಾವು ಹಾಲು ಕುಡಿಯಲ್ಲ ಅನ್ನೋದು ಬಾಯಿಗೆ ಬಂತು, ನುಂಗಿಕೊಂಡೆ. ಇಲಿಗೆ ಬೂಸಾ ಬಡಿಸೋಳು ಯಾವ ಮುಖ ಇಟ್ಟುಕೊಂಡು ಬುದ್ಧಿ ಹೇಳಲಿ? ಮೂಟೆಗಳೆಲ್ಲ ತೂತು. ಹಾವು ಮಾತ್ರ ಇಲ್ಲ.

ಆಗಸ್ಟ್ 21, ಸಂಜೆ
ಮತ್ತೆ ಕೇರೆ. ತಕ್ಷಣ ಅವರಿಗೆ ಫೋನ್ ಮಾಡಿದೆ. ಬಣ್ಣ, ಉದ್ದ, ತಲೆ ಎಲ್ಲ ಸರಿಯಾಗಿ ಹೇಳಿಬಿಟ್ಟೆ — ಪಾಠ ಒಪ್ಪಿಸೋ ಜಾಣೆ.

"ಕೇರೇನೇ. ಬುಡಿ, ಇಲಿ ತಿನ್ಕಂಡು ಅದ್ರ ಪಾಡಿಗೆ ಓಯ್ತದೆ. ಎಲ್ಲಾ ತಿಳ್ಕಂಡಿದೀರಿ, ಇನ್ನು ನಾನ್ಯಾಕೆ ಟೀಚ್ರೇ?"

ಇಷ್ಟು ದಿನ ಇಲಿ ಸಾಕಿದ್ದಕ್ಕೆ ಇದು! ಅಳುವೂ ಕೋಪವೂ ಒಟ್ಟಿಗೇ ಬಂತು. "ಹಾವಿಗಲ್ಲ. ನಿಮ್ಮನ್ನ ನೋಡ್ಬೇಕು ನಾನು. ಬನ್ನಿ" ಅಂದುಬಿಟ್ಟೆ.

ಫೋನ್ ಕಟ್ ಆಯಿತು. ಅವರೇ ಇಟ್ಟರೋ, ನೆಟ್‌ವರ್ಕೋ.

ಅಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದಾಳೆ. ಜಗಲಿ ಮೇಲೆ ಕೂತಿದ್ದೀನಿ. ಎರಡು ಬೈಕ್ ಹೋದವು, ನಿಲ್ಲಲಿಲ್ಲ. ಇದೊಂದು ತಿರುವಿನಲ್ಲಿ ನಿಧಾನ ಆಗ್ತಾ...