ಬೆಳ್ಳಿಹಬ್ಬದ ತೋರಣ ಬಿಚ್ಚುವವರು ಯಾರು?

ವೆಸ್ಟರ್‌ಲುಂದ್, ಜೂನ್ 2022

ನಿವಾಸ ಪರವಾನಗಿಗಳ ಮೇಲಧಿಕಾರಿಗಳೇ,

ದ್ರೋಹ ಎಂಬ ಮಾತನ್ನು ನಾನು ನಮ್ಮೂರ ನಾಟಕದ ವೇದಿಕೆಯ ಮೇಲೆ ಎದೆ ಬಡಿದುಕೊಂಡು ನೂರಾರು ಸಲ ಕೂಗಿದ್ದೇನೆ. ಅದರ ಅರ್ಥ ತಿಳಿದದ್ದು ಮಾತ್ರ ಈ ವರ್ಷ, ತಮ್ಮ ಕೃಪೆಯಿಂದ. ನಮ್ಮ ಬೀದಿಯ ಮುಂಝಿರ್ ಮತ್ತು ಅವನ ಹೆಂಡತಿ ರುದೈನಾ ಇನ್ನು ಡೆನ್ಮಾರ್ಕಿನಲ್ಲಿ ಇರಕೂಡದೆಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಅವರು ಜೀವ ಉಳಿಸಿಕೊಂಡು ಬಿಟ್ಟುಬಂದ ಡಮಾಸ್ಕಸ್ ಈಗ ಶಾಂತವಾಗಿದೆಯಂತೆ. ಭಲೆ! ಅಷ್ಟು ಶಾಂತವಾಗಿದ್ದರೆ ಬೇಸಿಗೆ ರಜೆಗೆ ತಾವು ಮಕ್ಕಳುಮರಿಗಳೊಡನೆ ಅಲ್ಲಿಗೇ ಏಕೆ ದಯಮಾಡಿಸಬಾರದು? ರುದೈನಾಳ ತಮ್ಮನನ್ನು ಒಂದು ಮುಂಜಾನೆ ಬಾಗಿಲು ಬಡಿದು ಎಳೆದೊಯ್ದ ಮಹನೀಯರು ಅಲ್ಲಿ ಇನ್ನೂ ಅದೇ ನೌಕರಿಯಲ್ಲಿದ್ದಾರೆ. ಆ ಹುಡುಗ ಎಲ್ಲಿ ಎಂದು ತಾವೇ ವಿಚಾರಿಸಿಕೊಂಡು ಬಂದರೆ ಮಹದುಪಕಾರವಾದೀತು.

ಎಂಟು ವರ್ಷದ ಹಿಂದೆ ನಮ್ಮ ಸಭಾಭವನಕ್ಕೆ ಸರ್ಕಾರದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು. "ಇವ್ರನ್ನ ನೆಂಟರ ಥರ ದೂರ ಕೂರಿಸ್ಬೇಡಿ. ಕೆಲಸಕ್ಕೆ ಕರೀರಿ, ಊಟಕ್ಕೆ ಕರೀರಿ, ಜಗಳಕ್ಕೂ ಕರೀರಿ. ನಿಮ್ಮೋರನ್ನಾಗಿ ಮಾಡ್ಕೊಳ್ಳಿ," ಅಂದರು. ನಾವು ಚಪ್ಪಾಳೆ ತಟ್ಟಿದೆವು. ಹೇಳಿದ್ದನ್ನು ಮಾಡಿಯೂ ತೋರಿಸಿದೆವು. ಜಟ್‌ಲ್ಯಾಂಡ್ ಸೀಮೆಯ ಜನ ನಾವು. ಯಾರನ್ನಾದರೂ ಹಚ್ಚಿಕೊಳ್ಳಲು ಬಹಳ ಸತಾಯಿಸುತ್ತೇವೆ, ಹಚ್ಚಿಕೊಂಡ ಮೇಲೆ ಬಿಡುವುದು ನಮಗೆ ಬರುವುದಿಲ್ಲ. ಮುಂಝಿರ್ ನಮ್ಮ ನಾಟಕ ಮಂಡಳಿಗೆ ಪ್ರಾಂಪ್ಟರ್ ಆದ. ಪರದೆಯ ಹಿಂದೆ ನಿಂತು ನಮಗೆ ಮಾತು ಎತ್ತಿಕೊಡುತ್ತಲೇ ಡೇನಿಷ್ ಕಲಿತ. ಹಾಗಾಗಿ ಇವತ್ತಿಗೂ ಅಂಗಡಿಗೆ ಹೋದರೆ, "ಎಲೈ ವರ್ತಕನೇ, ಎರಡು ಕಿಲೋ ಆಲೂಗಡ್ಡೆ ದಯಪಾಲಿಸುವಂಥವನಾಗು!" ಎನ್ನುತ್ತಾನೆ. ರುದೈನಾ ವೃದ್ಧಾಶ್ರಮದಲ್ಲಿ ನಮ್ಮ ಹಿರಿಯರಿಗೆ ಸ್ನಾನ ಮಾಡಿಸುತ್ತಾಳೆ, ಬಿಡುವಿನಲ್ಲಿ ಪಕ್ಕದ ಮನೆಯ ಬೊಡಿಲಕ್ಕನ ಜೊತೆ ಜಗಳವಾಡುತ್ತಾಳೆ. "ಇದು ಕಾಫೀನಾ ಬೊಡಿಲಕ್ಕಾ, ಇಲ್ಲಾ ಲೋಟ ತೊಳೆದ ನೀರಾ?"

ಈಗ ನಿಮ್ಮ ಆದೇಶ ಏನೆನ್ನುತ್ತದೆ? ಈ ನಂಟೆಲ್ಲ ತಾತ್ಕಾಲಿಕ ಪರವಾನಗಿಯ ಅವಧಿಯಲ್ಲಿ ಬೆಳೆದದ್ದಾದ್ದರಿಂದ ಇದಕ್ಕೆ ಹೆಚ್ಚಿನ ತೂಕವಿಲ್ಲ! ಆಹಾ, ಏನು ನ್ಯಾಯ! ಹಚ್ಚಿಕೊಳ್ಳಿ ಎಂದವರು ನೀವು. ಹಚ್ಚಿಕೊಂಡಿದ್ದು ಲೆಕ್ಕಕ್ಕಿಲ್ಲ ಎಂದವರೂ ನೀವೇ. ಮೋಸ ಹೋದದ್ದು ಅವರಿಬ್ಬರೇ ಎಂದುಕೊಂಡಿರಾ? ಇಡೀ ಬೀದಿಗೆ ಮೋಸ ಮಾಡಿದ್ದೀರಿ, ಸ್ವಾಮೀ.

ಅವರ ಮೇಲ್ಮನವಿಯ ವಿಚಾರಣೆ ಬರುವ ತಿಂಗಳಿದೆ. ಸೋತರೂ ಅವರನ್ನು ಡಮಾಸ್ಕಸ್ಸಿಗೆ ಕಳಿಸಲು ನಿಮ್ಮಿಂದಾಗದು, ಏಕೆಂದರೆ ಅಲ್ಲಿನ ಸರ್ಕಾರದೊಡನೆ ನಿಮಗೆ ಮಾತುಕತೆಯೇ ಇಲ್ಲ. ಮಾತಾಡಿಸಲೂ ಲಾಯಕ್ಕಿಲ್ಲದವರ ಕೈಗೆ ನಮ್ಮವರನ್ನು ಒಪ್ಪಿಸಬಹುದು ಎನ್ನುತ್ತೀರಿ! ಒಪ್ಪಿಸುವ ತನಕ ದೇಶ ಬಿಡುವವರ ಶಿಬಿರದಲ್ಲಿ ಕೂಡಿಹಾಕುತ್ತೀರಿ. ದುಡಿಯುವಂತಿಲ್ಲ, ಸ್ವಂತ ಒಲೆಯಿಲ್ಲ. ವರ್ಷಗಟ್ಟಲೆ.

ಈ ತಿಂಗಳು ಅವರ ಮದುವೆಗೆ ಇಪ್ಪತ್ತೈದು ತುಂಬಿತು. ಬೆಳ್ಳಿಹಬ್ಬದ ದಿನ ನಾವು ಏನು ಮಾಡುತ್ತೇವೆಂದು ನೀವೂ ಬಲ್ಲಿರಿ. ನಿಮ್ಮ ತಾಯಿತಂದೆಯರ ಬಾಗಿಲಿಗೂ ಯಾರೋ ತೋರಣ ಕಟ್ಟಿದ್ದಾರು. ಬೊಡಿಲಕ್ಕನ ಕೊಟ್ಟಿಗೆಯಲ್ಲಿ ಕದ್ದುಮುಚ್ಚಿ ಸ್ಪ್ರೂಸ್ ಮರದ ಹಸಿರು ರೆಂಬೆಯ ತೋರಣ ಹೆಣೆದೆವು, ಬಿಳಿ ಕಾಗದದ ಗುಲಾಬಿ ಸಿಕ್ಕಿಸಿದೆವು. ಬೆಳಗಿನ ಜಾವ ಸದ್ದಿಲ್ಲದೆ ಅವರ ಬಾಗಿಲಿಗೆ ಕಟ್ಟಿದೆವು. ಬೀದಿಯವರೆಲ್ಲ ನೆರೆದಿದ್ದರು. ನಮಗೆ ಕಹಿ ಸಾರಾಯಿ, ಅವರಿಬ್ಬರಿಗೆಂದು ಹೂವಿನ ಷರಬತ್ತು. ಹಾಡಿ ಎಬ್ಬಿಸುವ ಮೊದಲು ನಾನು ಮುಷ್ಟಿಯಿಂದ ಬಾಗಿಲು ಗುದ್ದಿದೆ.

"ನಿದ್ದೆ ಕಣೋ, ಇನ್ನೂ ಜೋರಾಗ್ ಬಡಿ. ನಾಟಕದಲ್ಲಿ ಕಿವಿ ಹರಿಯೋ ಹಂಗೆ ಅರಚ್ತೀಯಲ್ಲ!" ಅಂದಳು ಬೊಡಿಲಕ್ಕ.

ಅರಚಿದೆ. ನಗಿಸೋಣವೆಂದು, ನಾಟಕದ ದಂಡನಾಯಕನ ಗತ್ತಿನಲ್ಲಿ ಅರಚಿದೆ: "ಬಾಗಿಲು ತೆಗೀರಿ! ನಾಲ್ಕೂ ಕಡೆ ಸುತ್ತುವರಿದಿದ್ದೀವಿ! ತಪ್ಪಿಸ್ಕೊಳ್ಳೋಕೆ ದಾರಿಯಿಲ್ಲ!"

ಬಾಗಿಲು ತೆರೆಯಿತು. ಮುಂಝಿರ್ ಕೋಟು ತೊಟ್ಟಿದ್ದ, ಬೂಟು ಹಾಕಿದ್ದ. ಕಾಲ ಬಳಿ ಕಟ್ಟಿಟ್ಟ ಎರಡು ಚೀಲ. ಎರಡೂ ಕೈ ಮುಂದೆ ಚಾಚಿದ್ದ. ತಲೆ ಎತ್ತಲಿಲ್ಲ. ನಾಟಕದ ಡೇನಿಷ್ ಎಲ್ಲಿ ಹೋಗಿತ್ತೋ, ಸಣ್ಣ ದನಿಯಲ್ಲಿ ಹೇಳಿದ: "ಅವಳು ಬಟ್ಟೆ ಹಾಕ್ಕೊಳ್ತಿದ್ದಾಳೆ. ಒಂದೈದು ನಿಮಿಷ ಕೊಡಿ, ಸಾರ್. ಅವಳನ್ನ ಮಾತ್ರ ಎಳೀಬೇಡಿ. ತಾನೇ ಬರ್ತಾಳೆ."

ಬೊಡಿಲಕ್ಕ ಷರಬತ್ತಿನ ಬಾಟಲಿ ನೆಲಕ್ಕಿಟ್ಟು, ಚಾಚಿದ್ದ ಆ ಕೈಗಳನ್ನು ಹಿಡಿದುಕೊಂಡಳು. "ಮುಂಝಿರ್, ನಾವು ಕಣಪ್ಪಾ. ನಾವು."

ಹಿಂದಿನಿಂದ ರುದೈನಾ ಬಂದಳು. ಹೂ ನೋಡಿದಳು, ನಮ್ಮನ್ನು ನೋಡಿದಳು. "ಟಾರ್ಕಿಲಣ್ಣಾ, ನಿನ್ನ ಗಂಟಲಿಗೆ ಬೆಂಕಿ ಬೀಳ!" ಎಂದು ನಕ್ಕಳು. "ಇಷ್ಟು ಜನಕ್ಕೆ ಕಾಫಿಗೆ ಇಟ್ಟೇ ಇಲ್ವಲ್ಲ ನಾನು..." ಎನ್ನುತ್ತ ಹೊಸ್ತಿಲ ಮೇಲೆ ಕುಸಿದು ಕೂತಳು. ಆಮೇಲೆ ಅವಳು ಅತ್ತದ್ದನ್ನು ನಾನಿಲ್ಲಿ ಬರೆಯಲಾರೆ. ಹಾಡು ಹಾಡಿದೆವು, ಯಾರದೂ ಶ್ರುತಿ ಸೇರಲಿಲ್ಲ.

ಆ ಚೀಲಗಳನ್ನು ಅವರು ಕಟ್ಟಿಟ್ಟದ್ದು ನಿಮ್ಮ ಆದೇಶ ಬಂದ ದಿನ. ಎಂಟು ವರ್ಷ ಅವರು ನಮ್ಮ ಬೀದಿಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದ್ದರು. ಬಾಗಿಲು ಬಡಿದರೆ ಬೊಡಿಲಕ್ಕ ಸಕ್ಕರೆ ಕೇಳಲು ಬಂದಿದ್ದಾಳೆ ಎಂಬಷ್ಟು ಧೈರ್ಯ ಅವರಿಗೆ ಬಂದಿತ್ತು. ಆ ಧೈರ್ಯವನ್ನು ಒಂದೇ ಸಹಿಯಲ್ಲಿ ಕಿತ್ತುಕೊಂಡಿರಿ. ಆ ಮುಂಜಾನೆ ನಮ್ಮ ದನಿ ಅವರ ಕಿವಿಗೆ ನಿಮ್ಮ ದನಿಯಂತೆ ಕೇಳಿಸಿತು. ಇದಕ್ಕೇನು ಪರಿಹಾರ ಕೊಡುತ್ತೀರಿ?

ತೋರಣ ಕಟ್ಟಿದವರೇ ಅದನ್ನು ಬಿಚ್ಚಬೇಕೆಂಬುದು ಪದ್ಧತಿ. ನಾವು ಬಿಚ್ಚುವುದಿಲ್ಲ. ರೆಂಬೆ ಒಣಗಿ ಎಲೆ ಉದುರುತ್ತಿದೆ, ಉದುರಲಿ. ಅವರಿಬ್ಬರ ಪರವಾನಗಿ ನವೀಕರಿಸಿ. ಅಂದೇ ಹಾಡಿಕೊಂಡು ಬಿಚ್ಚುತ್ತೇವೆ. ಇಲ್ಲವೆಂದರೆ, ಅವರನ್ನು ಶಿಬಿರಕ್ಕೆ ಸಾಗಿಸುವ ದಿನ ನೌಕರರನ್ನು ಕಳಿಸಬೇಡಿ, ಖುದ್ದಾಗಿ ನೀವೇ ಬನ್ನಿ. ಬೀದಿಯವರೆಲ್ಲರ ಎದುರು ಒಂದೊಂದೇ ಹೂ ಕಿತ್ತು ತೋರಣ ಇಳಿಸಿ. ಏಣಿ ನಾನು ಹಿಡಿಯುತ್ತೇನೆ.

ಬಾಗಿಲು ಮಾತ್ರ ಬಡಿಯಬೇಡಿ. ಅವರು ಎದ್ದೇ ಇರುತ್ತಾರೆ.

ಇಂತಿ,
ತಮ್ಮ ಪಾತ್ರವನ್ನು ತಮ್ಮನ್ನು ಕೇಳದೆಯೇ ಮಾಡಿಬಿಟ್ಟ
ಟಾರ್ಕಿಲ್ ಬ್ಯೆರೆಗೋರ್,
ವೆಸ್ಟರ್‌ಲುಂದ್ ನಾಟಕ ಮಂಡಳಿ