ಓದುಗರು: ಒಬ್ಬರು

ಬಂಡೆಹಳ್ಳ ತಗ್ಗೂರು, ಕಾಗಿಣಾ ದಂಡೆ
ಫೆಬ್ರುವರಿ ೩೦, ೨೨೧೯

ಸುದ್ದಿಯಂತ್ರ ನಡೆಸುತ್ತಿರುವ ಹಿರಿಯರಿಗೆ,

ಮೇಲಿನ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಮೇ ತಿಂಗಳನ್ನು ಆದಷ್ಟು ಚಿಕ್ಕದು ಮಾಡಿ, ಉಳಿದ ದಿನಗಳನ್ನು ಬೇರೆ ತಿಂಗಳುಗಳಿಗೆ ಹಂಚಿಬಿಟ್ಟಿದ್ದಾರೆ. ಅದರಿಂದ ಬಿಸಿಲೇನೂ ಕಡಿಮೆಯಾಗಲಿಲ್ಲ. ಆ ತಿಂಗಳು ಬೇಗ ಮುಗಿಯಿತು ಎಂಬ ಸಮಾಧಾನವಾದರೂ ಜನರಿಗೆ ಬೇಕಾಗಿತ್ತು. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ಒರಟಾಗಿ ಕೇಳಬಹುದು. ನಮ್ಮ ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ. ಅವು ಬಂದಲ್ಲೆಲ್ಲ ಬಿಡಿಸಿ ಹೇಳುತ್ತೇನೆ. ಹೊಸ ಮಾತಿನ ಮರೆಯಲ್ಲಿ ನಿಂತು ಹೇಳಬಹುದಾದ ಸಂಗತಿ ಇದಲ್ಲ.

ನನ್ನ ಹೆಸರು ಕಾಶಿಬಾಯಿ ರೇವೂರ. ನಮ್ಮದು ತಗ್ಗೂರು. ನಿಮ್ಮ ಕಾಲದಲ್ಲಿ ಮನೆಗಳಿಗೆ ಹಾಸಲು ಶಹಾಬಾದಿ ಕಲ್ಲು ತೆಗೆದು ಬಿಟ್ಟುಹೋದ ಗಣಿಗಳೇ ಈಗ ನಮ್ಮ ಊರುಗಳು. ಮೇಲಿನ ನೆಲದಲ್ಲಿ ಹಗಲು ಬಾಳುವುದು ಕಷ್ಟವೆಂದು ನಮ್ಮ ಮುತ್ತಜ್ಜಂದಿರು ತಗ್ಗಿಗೆ ಇಳಿದರು. ಕಲ್ಲಿನ ಪದರುಗಳ ನಡುವೆ ಕೋಣೆ ಕೊರೆದು, ಗೋಡೆಯ ಉದ್ದಕ್ಕೂ ಮೆಟ್ಟಿಲು ಮಾಡಿಕೊಂಡರು. ನಸುಕಿನಲ್ಲೂ ಇಳಿಹೊತ್ತಿನಲ್ಲೂ ಮೇಲೆ ಹೋಗಿ ತೊಗರಿ ನೋಡಿಕೊಂಡು ಬರುತ್ತೇವೆ. ನಡುಹಗಲು ಊರಿಗೆ ಊರೇ ಮಲಗುತ್ತದೆ. ಅದಕ್ಕೆ ಬಿಸಿಲುನಿದ್ದೆ ಎನ್ನುತ್ತೇವೆ. ಆ ಹೊತ್ತಿನಲ್ಲಿ ಗಟ್ಟಿಯಾಗಿ ಮಾತಾಡುವವರನ್ನು ಕಂಡರೆ ನಮ್ಮವರಿಗೆ ಆಗುವುದಿಲ್ಲ.

ಊರಿನ ತಳದ ತಂಪು ಕೋಣೆಯಲ್ಲಿ ನಮ್ಮ ಕಣಜವಿದೆ. ಕಣಜವೆಂದರೆ ಕಾಳಿನದಲ್ಲ, ಸುದ್ದಿಯದು. ನಿಮ್ಮಲ್ಲಿ ವಯಸ್ಸಾದವರಿಗೆ ಯೂಸ್‌ನೆಟ್ ಎಂಬ ಹೆಸರು ನೆನಪಿರಬಹುದು. ಯಾರೋ ಒಬ್ಬರು ಬರೆದದ್ದನ್ನು ಒಂದು ಯಂತ್ರ ಇಟ್ಟುಕೊಂಡು ನೆರೆಯ ಯಂತ್ರಕ್ಕೆ ದಾಟಿಸುವುದು, ಅದು ಮತ್ತೊಂದಕ್ಕೆ ದಾಟಿಸುವುದು. ಯಾವ ಯಂತ್ರಕ್ಕೂ ಒಡೆಯನೆಂಬುವನಿಲ್ಲ. ದೊಡ್ಡ ಜಾಲಗಳೆಲ್ಲ ಬಿದ್ದುಹೋದ ಮೇಲೆ ನಮಗೆ ಉಳಿದದ್ದು ಈ ಹಳೆಯ ಉಪಾಯ. ನಿಮ್ಮವರು ಗುಂಪು ಎನ್ನುತ್ತಿದ್ದುದನ್ನು ನಾವು ಕಟ್ಟೆ ಎನ್ನುತ್ತೇವೆ. ಬೀಜದ ಕಟ್ಟೆ, ಹೆಣ್ಣುಗಂಡಿನ ಕಟ್ಟೆ, ಒಗಟಿನ ಕಟ್ಟೆ, ಪಾರಿವಾಳ ಹಾರಿಸುವವರ ಕಟ್ಟೆ. ಪಾರಿವಾಳದವರಷ್ಟು ಜಗಳ ಮತ್ತೆಲ್ಲೂ ಇಲ್ಲ.

ಈ ಕಣಜವನ್ನು ಕಾಯುವುದು ನನ್ನ ಕೆಲಸ. ಎದ್ದ ಕೂಡಲೇ ಕಾವಲುಹಾಳೆ ತೆರೆಯುತ್ತೇನೆ. ಅದು ಯಂತ್ರ ತಾನೇ ಬರೆಯುವ ದಿನದ ವರದಿ: ಯಾವ ನೆರೆಯಿಂದ ಎಷ್ಟು ಬಂತು, ಯಾವ ನೆರೆ ಸದ್ದಿಲ್ಲದೆ ಕೂತಿದೆ, ಡಿಸ್ಕಿನಲ್ಲಿ ಜಾಗ ಎಷ್ಟಿದೆ, ಯಾವ ಕಟ್ಟೆಗೆ ಎಷ್ಟು ಓದುಗರು. ನನಗೆ ಈ ಕೆಲಸ ಕಲಿಸಿದವರು ಮಶಾಕಸಾಬರು. ನಮ್ಮಪ್ಪನ ಗೆಳೆಯರು, ನನಗೆ ಮಾಮಾ. ಯಂತ್ರದ ಬಿಸಿಯನ್ನು ಅಂಗೈ ಇಟ್ಟು ನೋಡುವವರು. ಅಂಕಿಗಳನ್ನು ನಂಬಿದಷ್ಟು ಅವರು ಮನುಷ್ಯರನ್ನು ನಂಬಿದ್ದಿಲ್ಲ. ನಾನೂ ಅವರ ಹಾಗೇ ಆದೆ.

ಹೋದ ದೀಪಾವಳಿಯ ಹೊತ್ತಿಗೆ ಒಂದು ಡಿಸ್ಕು ಸತ್ತಿತು. ನಮ್ಮ ಕಾಲದಲ್ಲಿ ಡಿಸ್ಕು ಮಾಡುವವರಿಲ್ಲ, ಹಳೆಯವುಗಳಿಗೇ ಜೀವ ಕೊಟ್ಟು ನಡೆಸುತ್ತೇವೆ. ಜಾಗ ಅರ್ಧಕ್ಕೆ ಇಳಿಯಿತು. ಬಂದ ಬರಹಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು, ಯಾವುದನ್ನು ಬೇಗ ಅಳಿಸಬೇಕು ಎಂಬ ಪ್ರಶ್ನೆ ಎದ್ದಿತು. ನಿಮ್ಮ ಕಾಲದಿಂದ ಉಳಿದು ಬಂದ ಕೈಪಿಡಿಯಲ್ಲಿ ಅದಕ್ಕೊಂದು ದಾರಿ ಇತ್ತು: ಓದುಗರು ಕಡಿಮೆ ಇರುವ ಕಟ್ಟೆಗಳ ಅವಧಿ ಕಡಿಮೆ ಮಾಡಿ. ನಾನು ಕಾವಲುಹಾಳೆ ನೋಡಿದೆ. ಎಲ್ಲಕ್ಕಿಂತ ಕೆಳಗೆ ನೀರೆತ್ತುವ ಕಟ್ಟೆ ಇತ್ತು. ಅದರ ಮುಂದೆ, ತಿಂಗಳುಗಟ್ಟಲೆ ಒಂದೇ ಸಾಲು: ಓದುಗರು, ಒಬ್ಬರು. ಅದರಲ್ಲಿ ಬಂದದ್ದೆಲ್ಲ ಅರ್ಧ ದಿನಕ್ಕೆ ಅಳಿಯುವಂತೆ ಮಾಡಿದೆ. ಮಾಮಾ ನೋಡಿ, ಸರಿ ಎಂದು ತಲೆಯಾಡಿಸಿದರು. ಉಳಿದ ಜಾಗ ಪಾರಿವಾಳಕ್ಕೂ ಒಗಟಿಗೂ ಹೋಯಿತು. ಜನ ನನ್ನನ್ನು ಹೊಗಳಿದರು.

ಆ ಒಬ್ಬರು ಯಾರೆಂದು ನನಗೆ ಗೊತ್ತಿತ್ತು. ಹೆಸರು ಸಾಯಬಣ್ಣ, ನಡುವಯಸ್ಸು. ನಮಗಿಂತ ತಗ್ಗಿನಲ್ಲಿ ಕರಿಗುಂಡಿ ಎಂಬ ಸಣ್ಣ ತಗ್ಗೂರಿದೆ, ಅಲ್ಲಿಯವನು. ಸುದ್ದಿ ಓದುವ ಅವರ ಊರಿನ ಪರದೆ ಸಿಡಿಲಿಗೆ ಸುಟ್ಟುಹೋದ ಮೇಲೆ ದಿನಾ ಬೆಳಿಗ್ಗೆ ನಡೆದುಕೊಂಡು ಬಂದು ನಮ್ಮ ಕಣಜದ ಕೋಣೆಯ ಪರದೆಯ ಮುಂದೆ ನಿಲ್ಲುತ್ತಿದ್ದ. ತುಟಿ ಅಲ್ಲಾಡಿಸುತ್ತ ಒಂದೊಂದು ಬರಹವನ್ನೂ ಎರಡೆರಡು ಸಲ ಓದುತ್ತಿದ್ದ. ಓದು ಸರಿಯಾಗಿ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಮಾತು ಕಡಿಮೆ. ಬಂದಾಗ "ಬರ್ಲೇನ್ರಿ ಬಾಯಿ", ಹೋಗುವಾಗ "ಬರ್ತೀನ್ರಿ", ಅಷ್ಟೇ.

ಜನವರಿಯಲ್ಲಿ ಅಕಾಲದ ಮಳೆ ಹಿಡಿಯಿತು. ತಗ್ಗೂರುಗಳಿಗೆ ಮಳೆಯೆಂದರೆ ಸಂತೋಷವೂ ಹೌದು, ಜೀವಭಯವೂ ಹೌದು, ಏಕೆಂದರೆ ತಳದಲ್ಲಿ ನೀರು ನಿಂತರೆ ಕೆಳಗಿನ ಕೋಣೆಗಳು ಹೋದವು. ಪಂಪು ಹಚ್ಚಿ ಮೇಲೆತ್ತಿ ಹಳ್ಳಕ್ಕೆ ಬಿಡಬೇಕು. ನಮ್ಮ ಹಳ್ಳ ಕರಿಗುಂಡಿಯ ಅಂಚಿಗೆ ಹಾಯುತ್ತದೆ. ಸಾಮಾನ್ಯ ದಿನದಲ್ಲಿ ತೊಂದರೆಯಿಲ್ಲ. ಹಳ್ಳ ತುಂಬಿದ್ದಾಗ ನಾವು ನೀರು ಬಿಟ್ಟರೆ ಅದು ಅವರ ತಗ್ಗಿಗೆ ಇಳಿಯುತ್ತದೆ. ಅದಕ್ಕೇ ಆ ಕಟ್ಟೆ ಇದ್ದದ್ದು. ಪಂಪಿನವರು ಒಂದು ದಿನ ಮೊದಲೇ ಅಲ್ಲಿ ಬರೆಯಬೇಕು, ಕರಿಗುಂಡಿಯವರು ಓದಿ ಮೇಲಿನ ಕೋಣೆಗಳಿಗೆ ಹೋಗಬೇಕು. ಎರಡೂ ಊರಿನ ಅಜ್ಜಂದಿರ ಕಾಲದ ಒಪ್ಪಂದ.

ಪಂಪಿನವರು ತಪ್ಪದೆ ಬರೆದಿದ್ದರು. ಹಿಂದಿನ ದಿನ ಬಿಸಿಲುನಿದ್ದೆಗೆ ಮೊದಲೇ ಬರೆದಿದ್ದರು. ನಡುರಾತ್ರಿಯೊಳಗೆ ನನ್ನ ನಿಯಮ ಅದನ್ನು ಅಳಿಸಿತು. ಮರುದಿನ ಬೆಳಿಗ್ಗೆ ಮಳೆಯಲ್ಲಿ ನೆನೆದುಕೊಂಡು ಸಾಯಬಣ್ಣ ಬಂದ. ಕಟ್ಟೆ ಖಾಲಿ ಇತ್ತು. ಪಂಪಿನವರು ಪೈಪು ಎಳೆಯುವ ಸದ್ದು ನನಗೆ ಕೇಳುತ್ತಿತ್ತು. ಅವನು ಓದಿಕೊಂಡಿರುತ್ತಾನೆ ಎಂದು ನಾನು ಬಾಯಿ ಬಿಡಲಿಲ್ಲ. ಅವನು ಹೋದ. ಊರು ಮುಟ್ಟಿ, ಇವತ್ತು ಏನೂ ಇಲ್ಲ ಎಂದು ಎಲ್ಲರ ಮುಂದೆ ಹೇಳಿದ. ಜನ ನಿಶ್ಚಿಂತೆಯಿಂದ ಮಲಗಿದರು.

ನೀರು ನಿದ್ದೆಯ ಹೊತ್ತಿಗೆ ಹೋಯಿತು. ಬಹಳ ಮಂದಿ ಎದ್ದು ಮೆಟ್ಟಿಲು ಹತ್ತಿದರು. ಸಾಯಬಣ್ಣನ ಹೆಂಡತಿ ಹಣಮವ್ವ ಜ್ವರದಲ್ಲಿ ಕೆಳಗಿನ ಕೋಣೆಯಲ್ಲಿ ಮಲಗಿದ್ದಳು. ಮಳೆ ಬಿಟ್ಟ ಹೊತ್ತು ನೋಡಿ ಅವನು ಮೇಲೆ ಸೌರಹಲಗೆ ಒರೆಸಲು ಹೋಗಿದ್ದ. ಇಳಿದು ಬರುವಷ್ಟರಲ್ಲಿ ಆ ಕೋಣೆಯ ಬಾಗಿಲು ಕಾಣುತ್ತಿರಲಿಲ್ಲ.

ಮರುದಿನ ನಾನು ಹಾಳೆಗಳನ್ನು ತಿರುವಿ ನೋಡಿದೆ. ಬಂದ ಹೊತ್ತು, ಅಳಿದ ಹೊತ್ತು, ಎರಡೂ ಅಲ್ಲಿ ಇದ್ದವು. ಮಾಮಾಗೆ ತೋರಿಸಿದೆ. ಅವರು ಎರಡೂ ಅಂಕಿಗಳ ಮೇಲೆ ಬೆರಳಿಟ್ಟು ಓದಿದರು. ಆಮೇಲೆ, ಡಿಸ್ಕು ಕೆಟ್ಟಿತ್ತು ಎಂದುಬಿಡೋಣ, ಅದೂ ಪೂರ್ತಿ ಸುಳ್ಳಲ್ಲ ಎಂದರು. ಎರಡು ಊರುಗಳ ನಡುವೆ ವೈರ ಬೆಳೆದರೆ ಇನ್ನೂ ಜೀವ ಹೋಗುತ್ತವೆ ಎಂದರು. ಅವರು ನನ್ನನ್ನು ಕಾಪಾಡಲು ಹೇಳುತ್ತಿದ್ದಾರೆಂದು ನನಗೆ ತಿಳಿಯಿತು. ಆ ಮಾತು ಹಿತವಾಗಿ ಕೇಳಿತು ಎಂಬುದನ್ನೂ ಬರೆದುಬಿಡುತ್ತೇನೆ. ಕೆಲವು ದಿನ ನಾನು ಸುಮ್ಮನಿದ್ದೆ.

ಆ ದಿನಗಳಲ್ಲಿ ಕರಿಗುಂಡಿಯವರು ಸಾಯಬಣ್ಣನನ್ನೇ ದೂರುತ್ತಿದ್ದರು. ಓದುವವನು ಅವನು, ಏನೂ ಇಲ್ಲ ಎಂದವನೂ ಅವನೇ. ಒಂದು ಬೆಳಿಗ್ಗೆ ಅವನು ಮತ್ತೆ ಬಂದ. ಪರದೆಯ ಕಡೆ ಹೋಗದೆ ನನ್ನ ಮುಂದೆ ಬಂದು ನಿಂತ.

"ಬಾಯಿ, ಅವತ್ತು ನಾ ಸರೀಗಿ ನೋಡ್ಲಿಲ್ಲೇನೋ. ಕಣ್ಣು ಮಂಜಾಗ್ಯಾವ. ನೀವು ನೋಡಿದ್ರೇನ್ರಿ, ಅದರಾಗ ಬರದಿದ್ರಾ?"

ಹೆಂಡತಿಯನ್ನು ತಾನೇ ಕೊಂದೆನೆಂದು ಅವನು ನಂಬಿಬಿಟ್ಟಿದ್ದ. ಮಾಮಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಬರೆದಿದ್ದರು, ನೀನು ಬರುವುದರೊಳಗೆ ನಾನು ಅಳಿಸಿದ್ದೆ ಎಂದು ಹೇಳಿದೆ. ತಪ್ಪನ್ನು ಯಂತ್ರದ ಮೇಲೆ ಹಾಕಲಿಲ್ಲ. ಯಾಕೆ ಎಂದು ಕೇಳಿದ. ಓದುವವರು ಒಬ್ಬರೇ ಎಂದು ಹಾಳೆ ತೋರಿಸುತ್ತಿತ್ತು, ಅದಕ್ಕೆ ಎಂದೆ. ಅವನು ಸಿಟ್ಟಾಗಲಿಲ್ಲ. ಅರ್ಥವಾಗದವನಂತೆ ನನ್ನ ಮುಖ ನೋಡಿದ.

"ನಾ ಒಬ್ಬಂವ ಹ್ಯಾಂಗ ಆಗ್ತೀನ್ರಿ? ಇಲ್ಲಿ ಬಾಯಿಪಾಠ ಮಾಡ್ಕೊಂಡು ಹೋಗಿ ಊರ ಮಂದಿಗೆಲ್ಲ ಹೇಳ್ತೀನಿ. ನಮ್ಮೂರಾಗ ಓದಾಕ ಬರೋದು ನನಗೊಬ್ಬಂಗ."

ಕ್ಷಮಿಸು ಎನ್ನಲು ನಾನು ಬಾಯಿ ತೆರೆದೆ. ಅವನು ಕೈ ಅಡ್ಡ ಮಾಡಿದ. "ನನಗ ಹೇಳಿದ್ರ ಏನಾಯ್ತು. ನಮ್ಮೂರಿಗಿ ಬಂದು ಅವತ್ತಿನ ಸುದ್ದಿ ಓದ್ರಿ," ಎಂದ.

ನಮ್ಮಲ್ಲಿ ಅಳಿದ ಬರಹ ನೆರೆಯ ಒಂದು ಕಣಜದಲ್ಲಿ ಇನ್ನೂ ಉಳಿದಿತ್ತು. ಅವರ ಅವಧಿ ನಮ್ಮದಕ್ಕಿಂತ ಉದ್ದ. ಅದನ್ನು ಮರಳಿ ತರಿಸಿ, ಕಾಗದಕ್ಕೆ ಇಳಿಸಿಕೊಂಡು, ಸಾಯಬಣ್ಣನ ಹಿಂದೆ ನಡೆದೆ. ಮಾಮಾ ತಾವೂ ಬರುತ್ತೇನೆಂದು ಹಳ್ಳದವರೆಗೆ ಬಂದರು. ಅಲ್ಲಿಂದ ಹಿಂದಿರುಗಿದರು. ನಾನು ಹುಟ್ಟಿ ಬೆಳೆದ ಊರಿಗೆ ಇಷ್ಟು ಹತ್ತಿರವಿದ್ದ ಕರಿಗುಂಡಿಗೆ ಹೋದದ್ದು ಅದೇ ಮೊದಲು.

ಕೆಸರು ಒಣಗಿದ ಅಂಗಳದಲ್ಲಿ ಇಡೀ ಊರು ಕೂತಿತ್ತು. ದಿನಾ ಹಾಗೇ ಕೂರುತ್ತಾರಂತೆ. ಹೆಂಗಸರು ಕಾಳು ಹಸನು ಮಾಡುತ್ತ, ಮುದುಕರು ಗೋಡೆಗೆ ಒರಗಿ, ಮಕ್ಕಳು ಮೆಟ್ಟಿಲ ಮೇಲೆ. ಬೀಜದ ಸುದ್ದಿಯನ್ನೂ ಒಗಟನ್ನೂ ಸಾಯಬಣ್ಣನ ಬಾಯಿಂದಲೇ ಅವರು ಕೇಳುತ್ತಿದ್ದದ್ದು. ನಾನು ನಿಂತು ಓದಿದೆ: ನಾಳೆ ನಡುಹಗಲಿಗೆ ಪಂಪು ಹಚ್ಚುತ್ತೇವೆ, ಕೆಳಗಿನ ಕೋಣೆಗಳನ್ನು ಖಾಲಿ ಮಾಡಿರಿ, ಹುಷಾರಿಲ್ಲದವರನ್ನು ಮೊದಲು ಸಾಗಿಸಿರಿ. ಕೊನೆಯ ಸಾಲಿಗೆ ಬಂದಾಗ ನನ್ನ ದನಿ ನಿಂತಿತು. ಸಾಯಬಣ್ಣ ಪಕ್ಕದಲ್ಲಿ ನಿಂತು ಆ ಸಾಲನ್ನು ತಾನೇ ಗಟ್ಟಿಯಾಗಿ ಹೇಳಿ ಮುಗಿಸಿದ. ದಾರಿಯಲ್ಲಿ ನನ್ನ ಕೈಯಿಂದ ಇಸಿದುಕೊಂಡು ಓದಿ, ಬಾಯಿಪಾಠ ಮಾಡಿಕೊಂಡಿದ್ದ.

ಆಮೇಲೆ ನಾನು ಮಾಡಿದ್ದನ್ನು ಹೇಳಿದೆ. ಯಾರೂ ಬೈಯಲಿಲ್ಲ. ಒಬ್ಬ ಹೆಂಗಸು ಎದ್ದು ಸಾಯಬಣ್ಣನ ಕಾಲು ಮುಟ್ಟಿದಳು. ಅವನನ್ನು ಎಲ್ಲರಿಗಿಂತ ಹೆಚ್ಚು ಬೈದವಳು ಅವಳಂತೆ. ಹಣಮವ್ವನ ತಾಯಿ ಗೌರಾಬಾಯಿ ಮೊರ ಕೆಳಗಿಟ್ಟು ನನ್ನನ್ನು ಹತ್ತಿರ ಕರೆದಳು. ಈ ಎಣಿಕೆ ನೀನೇ ಕಟ್ಟಿದೆಯಾ ಎಂದು ಕೇಳಿದಳು. ಹಳಬರ ಕೈಪಿಡಿಯಲ್ಲಿ ಇತ್ತು, ನಾನು ಹಚ್ಚಿದೆ ಎಂದೆ.

"ಹಂಗಾದ್ರ ಅವರಿಗೂ ಹೇಳು," ಎಂದಳು. "ಸತ್ತವರು, ಇದ್ದವರು ಅಂತ ನೋಡಬ್ಯಾಡ. ಹೇಳು."

ಅದಕ್ಕೆ ಬರೆಯುತ್ತಿದ್ದೇನೆ. ತೀರ ಹಳೆಯ ದಿನಾಂಕದ ಬರಹವನ್ನು ಕಣಜ ಒಳಗೆ ಬಿಡುವುದಿಲ್ಲ. ಆ ಅಗುಳಿಯನ್ನು ಇದೊಂದಕ್ಕಾಗಿ ತೆಗೆದು, ಯಂತ್ರ ನೋಡುವ ದಿನಾಂಕದಲ್ಲಿ ನಿಮ್ಮ ವರ್ಷ ಹಾಕಿ ಹರಿಯಬಿಡುತ್ತೇನೆ. ನಿಮಗೆ ಮುಟ್ಟುತ್ತದೆಯೋ ಇಲ್ಲವೋ, ಮುದುಕಿಗೆ ಕೊಟ್ಟ ಮಾತು.

ನಿಮ್ಮನ್ನು ದೂರಿ ನಾನು ಹಗುರಾಗಲಾರೆ. ಕೈಪಿಡಿ ಬರೆದವರು ಕರಿಗುಂಡಿಯನ್ನು ಕಂಡಿರಲಿಲ್ಲ. ನಾನು ದಿನಾ ಸಾಯಬಣ್ಣನನ್ನು ಕಾಣುತ್ತಿದ್ದೆ. ಈಗ ನೀರಿನ ಸುದ್ದಿಗೆ ಅವಧಿಯೇ ಇಲ್ಲ. ಓದಿದವರು ಓದಿದೆವು ಎಂದು ತಿಳಿಸುವವರೆಗೂ ಪಂಪು ಹಚ್ಚುವಂತಿಲ್ಲ. ಪಾರಿವಾಳದವರು ಜಾಗ ಬಿಟ್ಟುಕೊಟ್ಟರು, ಜಗಳವಿಲ್ಲದೆ. ಮಾಮಾ ಕಣಜದ ಕೋಣೆಗೆ ಬರುವುದನ್ನು ನಿಲ್ಲಿಸಿದ್ದಾರೆ. ನಾನೂ ಬಿಡುತ್ತೇನೆ ಎಂದೆ. ಊರವರು ಒಪ್ಪಲಿಲ್ಲ, ಬೇರೆ ಯಾರಿಗೂ ಈ ಕೆಲಸ ಬರುವುದಿಲ್ಲ. ಹೀಗೆ ನನ್ನ ತಪ್ಪಿಗೆ ಶಿಕ್ಷೆಯಾಗಿ ನನ್ನ ಕೆಲಸವೇ ನನಗೆ ಉಳಿದಿದೆ. ಸಾಯಬಣ್ಣ ಈಗಲೂ ಬರುತ್ತಾನೆ. ಅವನ ಊರು ಓದುವ ಕೆಲಸವನ್ನು ಅವನ ಕೈಯಲ್ಲೇ ಉಳಿಸಿದೆ. ಓದುತ್ತಾನೆ, ಹೋಗುತ್ತಾನೆ. ನನ್ನೊಡನೆ ಮಾತಾಡುವುದಿಲ್ಲ. ಆಡಬೇಕೆಂದು ಕೇಳುವ ಅಧಿಕಾರ ನನಗಿಲ್ಲ.

ಹಿರಿಯರೇ, ನಿಮ್ಮ ಹಾಳೆಯಲ್ಲೂ ಎಲ್ಲಕ್ಕಿಂತ ಕೆಳಗೆ ಇಂಥದೊಂದು ಸಾಲು ಇರುತ್ತದೆ. ಅದನ್ನು ಅಳಿಸುವ ಮೊದಲು ಆ ಒಬ್ಬರನ್ನು ಕೂರಿಸಿ, ಇದನ್ನೆಲ್ಲ ಯಾರಿಗಾಗಿ ಓದುತ್ತೀರಿ ಎಂದು ಕೇಳಿ. ಕೇಳುವುದಕ್ಕೆ ಕ್ಷಣ ಸಾಕಾಗುತ್ತಿತ್ತು. ನಾನು ಕೇಳಲಿಲ್ಲ.

ಕಾಶಿಬಾಯಿ