ಬರ್ಲಿ... ಬರ್ಲಿ... ಹೋಲ್ಡಾನ್

ಜೂನ್ 2, ಬೆಳಗಿನ ಜಾವ. ಬಸ್ ಸ್ಟ್ಯಾಂಡ್.

ಮತ್ತೊಮ್ಮೆ ಬ್ಯಾಗ್ ಬಿಚ್ಚಿ ನೋಡಿದ್ದಾಯಿತು. ಲೈಸೆನ್ಸ್ ಇದೆ. ಡಾಕ್ಟರ್ ಕೊಟ್ಟ ಸರ್ಟಿಫಿಕೇಟ್ ಇದೆ. ಶೂ ಇದೆ — ಚಪ್ಪಲಿ ಹಾಕಿಕೊಂಡು ಬಂದವರನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತೇವೆ ಎಂದು ಟ್ರಕ್ ಟ್ರೈನಿಂಗಿನವರು ಮೆಸೇಜಿನಲ್ಲಿ ಬರೆದಿದ್ದರು. ಅತ್ತಿಗೆ ಮಾತ್ರ ಬ್ಯಾಗ್ ಮುಟ್ಟಿಲ್ಲ. ಬೆಂಚಿನ ಮೇಲೆ ಕೂತು ನಿದ್ದೆ ಹೊಡೆಯುತ್ತಿದ್ದಾಳೆ. ಬಾಯಿ ಬೇರೆ ತೆರೆದಿದೆ.

ಎದುರಿಗೆ ‘ನೀವು’ ಅನ್ನುತ್ತೇನೆ. ಇಲ್ಲಿ ‘ಅವಳು’. ಡೈರಿಗೆ ಮರ್ಯಾದೆ ಕೊಟ್ಟು ಆಗಬೇಕಾದ್ದೇನಿಲ್ಲ.

ಅಣ್ಣ ಬಿಡಲು ಬಂದಿದ್ದ. ಹೆಂಡತಿಯ ಕೈಗೆ ನೀರಿನ ಬಾಟಲಿ, ನನ್ನ ತಲೆಗೆ ಜವಾಬ್ದಾರಿ. “ಸ್ಕೂಟರ್ ಬಿಟ್ರೆ ಅವಳು ಬೇರೇನೂ ಓಡಿಸಿದವಳಲ್ಲ. ನೀನೇ ಹೇಗಾದ್ರೂ ದಡ ಸೇರಿಸ್ಬೇಕು” ಅಂದ. ಹೂಂ ಅಂದೆ. ಅನ್ನದೆ ಏನು ಮಾಡಲಿ? ಆ ಟ್ರಕ್ ಕಂಪನಿಯವರು ಹೆಂಗಸರನ್ನು ಜೋಡಿಯಾಗಿಯೇ ಕೆಲಸಕ್ಕೆ ತೆಗೆದುಕೊಳ್ಳುವುದು. ದೂರದ ಓಟ, ಒಂದೇ ಕ್ಯಾಬಿನ್, ಒಬ್ಬಳು ಓಡಿಸುವಾಗ ಇನ್ನೊಬ್ಬಳು ಮಲಗಬೇಕು. ಟ್ರೈನಿಂಗ್ ಮುಗಿದು ಇಬ್ಬರೂ ಪಾಸಾದರೆ ಇಬ್ಬರಿಗೂ ಕೆಲಸ. ಒಬ್ಬಳು ಫೇಲಾದರೆ ಇಬ್ಬರೂ ಮನೆಗೆ.

ಹನ್ನೊಂದು ವರ್ಷ ಸ್ಕೂಲ್ ವ್ಯಾನ್ ಓಡಿಸಿದವಳು ನಾನು. ಸ್ಕೂಲಿನವರು ಸ್ವಂತ ಬಸ್ ತಂದುಕೊಂಡರು, ನನ್ನ ವ್ಯಾನ್ ಮೂಲೆಗೆ ಬಿತ್ತು. ಅವಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಇದ್ದವಳು. ಹೋದ ವರ್ಷ ಕಾರಿನ ಲೈಸೆನ್ಸ್ ಮಾಡಿಸಿದ್ದಾಳೆ, ಅಷ್ಟೇ. ನನ್ನ ಹಣೆಬರಹ ಈಗ ಇವಳ ಕೈಯಲ್ಲಿ. ಇವಳೋ...

ಬಸ್ ಬಂತು.

ಜೂನ್ 2, ಸಂಜೆ.

ಇಡೀ ದಾರಿ ಕಿಟಕಿ ಸೀಟು ಅವಳದ್ದೇ. ಒಂದು ಮಾತು ಕೇಳಲೂ ಇಲ್ಲ. ಹಾಸ್ಟೆಲ್ ರೂಮಿಗೆ ಬಂದರೆ ಅದೇ ಕಥೆ — ಎರಡು ಕಬ್ಬಿಣದ ಮಂಚ, ಒಂದು ಕಿಟಕಿ. ಬ್ಯಾಗನ್ನು ಕಿಟಕಿ ಪಕ್ಕದ ಮಂಚದ ಮೇಲೆ ಎಸೆದೇಬಿಟ್ಟಳು. ನನ್ನ ಪಾಲಿಗೆ ಬಾತ್‌ರೂಮ್ ಬಾಗಿಲು. ಒಳಗೆ ನಲ್ಲಿ ತೊಟ್ಟಿಕ್ಕುತ್ತಿದೆ. ಮದುವೆಯಾಗಿ ಬಂದ ದಿನವೇ ಮನೆಯ ಒಳ್ಳೆಯ ಕುರ್ಚಿ ಹಿಡಿದವಳು, ಈಗ ಬಿಡುತ್ತಾಳೆಯೇ?

ಕಿಟಕಿಯಾಚೆ ದೊಡ್ಡ ಅಂಗಳ. ಬಿಳಿ ಗೆರೆಗಳು, ಕಿತ್ತಳೆ ಬಣ್ಣದ ಕೋನ್‌ಗಳು, ಸಾಲಾಗಿ ನಿಂತ ಟ್ರೇಲರ್ ಟ್ರಕ್‌ಗಳು. ಅವುಗಳ ಒಂದು ಟಯರ್ ಪಕ್ಕ ನನ್ನ ವ್ಯಾನ್ ನಿಲ್ಲಿಸಿದರೆ... ಬೇಡ. ಮಲಗುತ್ತೇನೆ.

ಜೂನ್ 4.

ಮೇಷ್ಟ್ರು ಗಿಡ್ಡ ಆಸಾಮಿ. ಅರ್ಧ ಆಯಸ್ಸು ರಸ್ತೆಯಲ್ಲೇ ಕಳೆದವರಂತೆ. ಪಾಠವೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಬ್ರೇಕಿನ ಗಾಳಿ ಸೋರುತ್ತಿದೆಯಾ? ಇಳಿದು ನೋಡಮ್ಮ. ಹಿಂದೆ ಜಾಗ ಇದೆಯಾ? ಇಳಿದು ನೋಡಮ್ಮ. ಊಟಕ್ಕೆ ಏನಿದೆ ಅಂತ ಕೇಳಿದರೂ ಅದನ್ನೇ ಹೇಳುತ್ತಾರೇನೋ. ಮಧ್ಯಾಹ್ನದೊಳಗೆ ‘ಇಳಿದುನೋಡು ಮೇಷ್ಟ್ರು’ ಎಂದು ಹೆಸರು ಬಿತ್ತು. ಇಟ್ಟವಳು ನಾನೇ.

ಬ್ಯಾಚಿನಲ್ಲಿ ಈಗ ಉಳಿದಿರುವ ಹೆಂಗಸರು ಮೂವರೇ. ಮೂರನೆಯವಳು ಮೊದಲು ಯಾವುದೋ ದೊಡ್ಡ ಅಂಗಡಿಯ ಬಾಗಿಲಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದಳಂತೆ. ನಿಲ್ಲುವುದು, ನೋಡುವುದು ಎಲ್ಲ ಈಗಲೂ ಹಾಗೆಯೇ. ಪೊಲೀಸಮ್ಮ ಅಂತ ಕರೆಯುತ್ತೇವೆ. ಅವಳ ಜೋಡಿಯಾಗಿ ಬಂದಿದ್ದು ಅವಳ ತಂಗಿ. ಆ ಹುಡುಗಿ ಟ್ರಕ್ ಹತ್ತಿ ಕೆಳಗೆ ನೋಡಿದವಳೇ ಮಧ್ಯಾಹ್ನದ ಬಸ್ ಹಿಡಿದು ಊರಿಗೆ ಹೋದಳು.

ಜೂನ್ 6.

ಮುಂದಕ್ಕೆ ಓಡಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಗೇರ್ ಜಾಸ್ತಿ, ಉದ್ದ ಜಾಸ್ತಿ, ಅಷ್ಟೇ. ಕೈ ಪಳಗಿದೆ ಅಂತ ಮೇಷ್ಟ್ರೇ ಅಂದರು. ಅತ್ತಿಗೆ ಕ್ಲಚ್ ಬಿಟ್ಟ ರಭಸಕ್ಕೆ ಟ್ರಕ್ ಮುಗ್ಗರಿಸಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದಳು, ಮತ್ತೆ ಮುಗ್ಗರಿಸಿತು. ಬ್ಯಾಚೆಲ್ಲ ನಕ್ಕಿತು. ಅವಳೂ ನಕ್ಕಳು. ಇವಳಿಗೆ ನಾಚಿಕೆ ಅನ್ನುವುದೇ ಇಲ್ಲ.

ಸಂಜೆ ಬಕೆಟ್ ಮಗುಚಿ ಅದರ ಮೇಲೆ ಕೂರಿಸಿ, ಕೈಗೆ ಊಟದ ತಟ್ಟೆ ಕೊಟ್ಟು, ಅದೇ ಸ್ಟೇರಿಂಗ್ ಅಂದುಕೊಳ್ಳಿ ಎಂದೆ. ಕ್ಲಚ್ ಹೇಗೆ ಬಿಡಬೇಕೆಂದು ಹೇಳಿಕೊಟ್ಟೆ. ಅಣ್ಣ ಫೋನ್ ಮಾಡಿದಾಗ ಪರವಾಗಿಲ್ಲ, ತಿದ್ದಬಹುದು ಅಂದೆ. ಜಂಬದ ಮಾತೇ. ಆದರೂ ಖುಷಿಯಾಗಿತ್ತು.

ಜೂನ್ 9.

ರಿವರ್ಸ್.

ಕೋನ್‌ಗಳನ್ನೆಲ್ಲ ಮಲಗಿಸಿದೆ. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ತಲೆಗೆ ಅರ್ಥವಾಗುತ್ತದೆ, ಕೈಗೆ ಅರ್ಥವಾಗುವುದಿಲ್ಲ. ಕೈ ಇನ್ನೂ ವ್ಯಾನಿನಲ್ಲೇ ಕೂತಿದೆ. ಕೊನೆಗೆ ಟ್ರಕ್ಕೂ ಟ್ರೇಲರೂ ಕತ್ತರಿಯ ಹಾಗೆ ಮಡಚಿಕೊಂಡು ಅಂಗಳದ ನಡುವೆ ನಿಂತವು. ಇಳಿದು ನೋಡಮ್ಮ, ಇಳಿದು ನೋಡಮ್ಮ ಅಂತ ಮೇಷ್ಟ್ರು ಕೂಗುತ್ತಲೇ ಇದ್ದರು. ಇಳಿಯಲಿಲ್ಲ. ಇಂಜಿನ್ ಓಡುತ್ತಿರುವಾಗ ಸೀಟು ಬಿಡುವುದೆಂದರೆ ನನಗೆ ಮೈ ಜುಂ ಎನ್ನುತ್ತದೆ. ವ್ಯಾನಿನಲ್ಲಿ ಮಕ್ಕಳಿರುತ್ತಿದ್ದರು. ಆಕಾಶವೇ ಬಿದ್ದರೂ ಸೀಟು ಬಿಡಬಾರದು. ಆ ನಿಯಮವನ್ನು ಒಂದು ದಿನವೂ ಮುರಿದವಳಲ್ಲ.

ಮಿರರ್ ಸರಿಯಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ಪೊಲೀಸಮ್ಮ ಗಾಳಿಗೆ ಹೇಳಿದ ಹಾಗೆ ಹೇಳಿದಳು. ಮುಖ ಸುಟ್ಟ ಬದನೆಕಾಯಿ ಆಯಿತು.

ಅತ್ತಿಗೆ ಒಂದೂ ಕೋನ್ ಬೀಳಿಸಲಿಲ್ಲ. ಎರಡು ಅಡಿ ಹಿಂದಕ್ಕೆ, ಬ್ರೇಕ್, ಇಳಿಯುವುದು, ಸುತ್ತು ಹಾಕಿ ನೋಡುವುದು, ಹತ್ತುವುದು. ಮತ್ತೆ ಎರಡು ಅಡಿ. ನೋಡುವವರಿಗೆ ಆಕಳಿಕೆ ಬರಬೇಕು. ಆದರೂ ಗೆರೆಯೊಳಗೆ ತಂದು ನಿಲ್ಲಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸದ್ದಾಗದ ಹಾಗೆ.

ಜೂನ್ 15.

ಬರೆಯಲಿಲ್ಲ. ಬರೆಯುವಂಥದ್ದು ಏನಿತ್ತು? ಕೋನ್, ಕೋನ್, ಕೋನ್.

ಅಣ್ಣ ಫೋನ್ ಮಾಡಿದ್ದ. ಅವಳು ಹೇಗೆ ಕಲಿಯುತ್ತಿದ್ದಾಳೆ ಅಂತ ಕೇಳಿದ. ಚೆನ್ನಾಗಿ ಅಂದೆ. ನೀನು ಹೇಗೆ ಅಂತ ಕೇಳಲಿಲ್ಲ. ನಾನು ಮೊದಲೇ ಕಲಿತವಳಲ್ಲವೇ.

ಹೊಟ್ಟೆಕಿಚ್ಚು. ಇದಕ್ಕೆ ಬೇರೆ ಹೆಸರಿಡುವುದು ಬೇಡ. ಕ್ಯಾಂಟೀನಿನಲ್ಲಿ ಅವಳು ಪಕ್ಕಕ್ಕೆ ಬಂದು ಕೂತರೆ ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತೇನೆ.

ಜೂನ್ 16, ಸಂಜೆ.

ಮಂಚ ಬದಲಾಯಿಸೋಣ ಅಂತ ಕೇಳಿಯೇಬಿಟ್ಟೆ. ನಲ್ಲಿಯ ಸದ್ದಿಗೆ ನಿದ್ದೆಯಿಲ್ಲ, ನಿದ್ದೆಯಿಲ್ಲದೆ ಕೋನ್ ಬೀಳುತ್ತಿವೆ ಅಂದೆ. ಮನಸ್ಸಿನೊಳಗೆ ಜಗಳಕ್ಕೆ ಸೊಂಟ ಕಟ್ಟಿಯೇ ನಿಂತಿದ್ದೆ. ಅವಳು ಜಗಳವಾಡಲಿಲ್ಲ. ಹಾಸಿಗೆ ಸುತ್ತತೊಡಗಿದಳು. ಸುತ್ತುತ್ತ ಸುತ್ತುತ್ತ ಹೇಳಿದಳು —

“ಒಗೆಯೋ ರೂಮು ನೆಲದ ಕೆಳಗಿತ್ತಲ್ಲ, ಕಿಟಕಿ ಇರ್ಲಿಲ್ಲ. ಬೆಳಿಗ್ಗೆ ಒಳಗೆ ಹೋದ್ರೆ ಮಳೆ ಬಂತೋ ಬಿಸಿಲು ಬಂತೋ ಒಂದೂ ಗೊತ್ತಾಗ್ತಿರ್ಲಿಲ್ಲ. ಬರೀ ಹಬೆ. ಮೊನ್ನೆ ಟ್ರಕ್ ಹತ್ತಿ ಕೂತೆ ನೋಡು, ಎದುರಿಗೆ ಅಷ್ಟಗಲ ಗಾಜು... ಇಂಜಿನ್ ಆಫ್ ಆದ್ರೂ ಇಳಿಯೋಕೆ ಮನಸ್ಸಾಗ್ಲಿಲ್ಲ.”

ಇವಳು ಇದ್ದ ಕೆಲಸ ಬಿಟ್ಟು ಯಾಕೆ ಬಂದಳು ಅಂತ ಇವತ್ತು ತಿಳಿಯಿತು. ಇಷ್ಟು ವರ್ಷ ಒಂದೇ ಮನೆಯ ಅನ್ನ ತಿಂದವರು ನಾವು. ಹಾಸಿಗೆ ಕಿತ್ತುಕೊಂಡು ಮತ್ತೆ ಅವಳ ಮಂಚದ ಮೇಲೇ ಹಾಸಿದೆ. ನಲ್ಲಿಗೆ ಹಳೇ ಬಟ್ಟೆ ಕಟ್ಟಿದೆ. ಸದ್ದು ನಿಂತಿತು. ಮೊದಲ ದಿನವೇ ಕಟ್ಟಬಹುದಿತ್ತು.

ಜೂನ್ 18.

ಮೇಷ್ಟ್ರು ನಮ್ಮಿಬ್ಬರನ್ನೂ ಕರೆಸಿದರು. ಸುತ್ತಿ ಬಳಸಿ ಮಾತಾಡುವವರಲ್ಲ. ಪರೀಕ್ಷೆ ಹತ್ತಿರ ಬಂತು, ನನ್ನ ರಿವರ್ಸ್ ಹೀಗೇ ಇದ್ದರೆ ನಾನು ಪಾಸಾಗುವುದಿಲ್ಲ. ಆ ಕಡೆ ಪೊಲೀಸಮ್ಮನಿಗೆ ಜೋಡಿ ಇಲ್ಲ. ಅತ್ತಿಗೆ ಅವಳ ಜೊತೆ ಹೆಸರು ಕೊಟ್ಟರೆ ಅವರಿಬ್ಬರಿಗೆ ಕೆಲಸ ಸಿಕ್ಕ ಹಾಗೆಯೇ. ಯೋಚನೆ ಮಾಡಿ ಹೇಳಿ ಅಂದರು.

ಹೊರಗೆ ಬಂದು ನಾನೇ ಹೇಳಿದೆ, ಹೋಗಿ ಅತ್ತಿಗೆ ಅಂತ. ಬಾಯಿಮಾತಿಗಲ್ಲ, ಮನಸ್ಸಿನಿಂದಲೇ. ಆ ಗಾಜು ನನ್ನ ಕಣ್ಣ ಮುಂದೆಯೂ ಇತ್ತು. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು, ಅದು ಬೇರೆ ವಿಷಯ.

ಅವಳು ಶೂ ಲೇಸ್ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

“ನಿನ್ನ ಗೊರಕೆ ನಂಗೆ ಅಭ್ಯಾಸ ಆಗಿದೆ ಕಣೇ. ಈ ವಯಸ್ಸಲ್ಲಿ ಹೊಸಬರ ಗೊರಕೆಗೆ ಎಲ್ಲಿ ಒಗ್ಗಿಕೊಳ್ಳಲಿ?”

ಎದ್ದು ಹೋಗಿ ಮೇಷ್ಟ್ರಿಗೆ ಬೇಡ ಅಂತ ಹೇಳಿ ಬಂದೇಬಿಟ್ಟಳು. ಇನ್ನು ನಾನು ಫೇಲಾದರೆ ಅವಳಿಗೆ ಅದೇ ನೆಲದ ಕೆಳಗಿನ ರೂಮು. ಹೆದರಿಕೆಯಾಗುತ್ತಿದೆ.

ಅಂದಹಾಗೆ, ನಾನು ಗೊರಕೆ ಹೊಡೆಯುತ್ತೇನಂತೆ. ನಾನು!

ಜೂನ್ 20.

ಇವತ್ತು ಗೊತ್ತಾಯಿತು.

ರಿವರ್ಸ್ ಹಾಕುತ್ತ ನಡುವೆ ನಿಲ್ಲಿಸಿದ್ದೆ. ಮೇಷ್ಟ್ರು ಬಾಗಿಲ ಹತ್ತಿರ ಬಂದು, “ಯಾರಿಗಮ್ಮ ಕಾಯ್ತಾ ಇದ್ದೀಯ?” ಅಂದರು. ಯಾರಿಗೂ ಇಲ್ಲ ಅಂದೆ. ಸುಳ್ಳು. ಕಾಯುತ್ತಿದ್ದೆ. ಕತ್ತು ಹೊರಗೆ ಹಾಕಿ, ಕಿವಿ ಹಿಂದಕ್ಕೆ ಕೊಟ್ಟು... ಧಪ್ ಧಪ್ ಅನ್ನುವ ಸದ್ದಿಗೆ.

ವ್ಯಾನಿನ ಆಯಾ! ಮಕ್ಕಳನ್ನು ಹತ್ತಿಸಿ ಇಳಿಸುತ್ತಿದ್ದವಳು. ಸ್ಕೂಲಿನ ಹಿಂದಿನ ಇಕ್ಕಟ್ಟು ಓಣಿಯಲ್ಲಿ ನಾನು ರಿವರ್ಸ್ ಹಾಕುವಾಗ ಪ್ರತಿದಿನ ಹಿಂದೆ ನಿಂತು ಅಂಗೈಯಿಂದ ವ್ಯಾನ್ ಬಡಿಯುತ್ತಿದ್ದಳು. ಬರ್ಲಿ... ಬರ್ಲಿ... ಹೋಲ್ಡಾನ್. ವ್ಯಾನಿಗೆ ಒಂದು ಗೀರೂ ಬೀಳಿಸಿದವಳಲ್ಲ ನಾನು ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹಿಂದಕ್ಕೆ ಹೋಗುವಾಗ ಕಣ್ಣು ಅವಳದು, ಕಾಲು ಮಾತ್ರ ನನ್ನದು. ಒಬ್ಬಳೇ ರಿವರ್ಸ್ ಹಾಕಿದ್ದು ನನ್ನ ಜನ್ಮದಲ್ಲೇ ಇಲ್ಲ.

ಸಂಜೆ ಆ ಆಯಾಗೆ ಫೋನ್ ಮಾಡಿ ಹೇಳಿದೆ. ಬಿದ್ದೂ ಬಿದ್ದೂ ನಕ್ಕಳು. “ಈಗ ಗೊತ್ತಾಯ್ತಾ ಅಕ್ಕ? ನನ್ನ ಅಂಗೈ ಇನ್ನೂ ಜಡ್ಡುಗಟ್ಟೇ ಇದೆ.” ಇಷ್ಟುದ್ದದ ಟ್ರೇಲರಿಗೆ ಯಾರು ಬಡಿದರೂ ನನಗೆ ಕೇಳಿಸುವುದಿಲ್ಲ, ಏನು ಮಾಡಲಿ ಅಂದೆ. ಹಾಗಾದರೆ ನೀವೇ ಇಳಿದು ನೋಡಿ ಅಂದಳು. ಮೇಷ್ಟ್ರು ಯಾರು ಅಂತಲೂ ಅವಳಿಗೆ ಗೊತ್ತಿಲ್ಲ.

ಜೂನ್ 21.

ಇಳಿದೆ. ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಓಡುತ್ತಿರುವಾಗಲೇ. ಮಕ್ಕಳಿಲ್ಲ, ಒಳಗೆ ಮಕ್ಕಳಿಲ್ಲ ಅಂತ ಹೇಳಿಕೊಳ್ಳುತ್ತ ಹಿಂದಿನವರೆಗೂ ನಡೆದು ಹೋದೆ. ಮೊದಲ ಸಲ ಟ್ರೇಲರಿನ ಬೆನ್ನನ್ನು ಹತ್ತಿರದಿಂದ ನೋಡಿದ್ದು. ಆಮೇಲೂ ಕೋನ್ ಬಿತ್ತು. ಒಂದೇ ಒಂದು.

ಜೂನ್ 24, ಬೆಳಿಗ್ಗೆ.

ಅತ್ತಿಗೆ ಪಾಸ್. ಪೊಲೀಸಮ್ಮನೂ ಪಾಸ್. ಇನ್ನು ನಾನು. ಒಂದು ಕೋನ್ ಬಿದ್ದರೂ ಮುಗಿಯಿತು. ಎರಡು ಸಲ ಇಳಿದು ನೋಡಬಹುದು, ಅಂಕ ಕಳೆಯುವುದಿಲ್ಲ. ಅತ್ತಿಗೆ ಬೇಲಿ ಹಿಡಿದುಕೊಂಡು ನಿಂತಿದ್ದಾಳೆ. ಕರೆದರು.

ಅದೇ ದಿನ, ಮಧ್ಯಾಹ್ನ.

ಮೊದಲ ಸಲ ಇಳಿದಾಗ ಎಲ್ಲ ಸರಿ ಇತ್ತು. ಹತ್ತಿದೆ. ಇನ್ನೇನು ಗೆರೆಯೊಳಗೆ ಹೋಗಬೇಕು. ಮಿರರಿನಲ್ಲಿ ಜಾಗ ಕಾಣುತ್ತಿತ್ತು, ಧಾರಾಳವಾಗಿ. ಹೋಗು ಹೋಗು ಅಂತು ಮನಸ್ಸು. ಪರೀಕ್ಷೆ ಮಾಡುವವರು ವಾಚ್ ನೋಡಿದರು. ನಿಲ್ಲಿಸಿ ಇಳಿದೆ.

ಮಿರರಿಗೆ ಕಾಣದ ಮೂಲೆಯಲ್ಲಿ ಕೋನ್ ಇತ್ತು. ಟ್ರೇಲರಿಗೂ ಅದಕ್ಕೂ ನಡುವೆ ಅಂಗೈ ಇಟ್ಟು ನೋಡಿದೆ. ಅಷ್ಟೇ ಜಾಗ. ಹಾಗೇ ಬಿಟ್ಟಿದ್ದರೆ ಇಬ್ಬರಿಗೂ ಸಂಜೆಯ ಬಸ್ಸೇ. ಹತ್ತಿ ಮುಂದಕ್ಕೆ ತಂದು, ನೇರ ಮಾಡಿಕೊಂಡು, ಮತ್ತೆ ಹಿಂದಕ್ಕೆ ಬಿಟ್ಟೆ. ಬರ್ಲಿ ಬರ್ಲಿ ಅಂತ ನಾನೇ ಬಾಯಲ್ಲಿ ಹೇಳಿಕೊಂಡೆ. ಹೋಲ್ಡಾನ್ ಅಂತಲೂ ನಾನೇ ಅಂದೆ.

ಬೇಲಿಯ ಹತ್ತಿರ ಅತ್ತಿಗೆ ಇರಲಿಲ್ಲ. ನೋಡಲಾರದೆ ಕ್ಯಾಂಟೀನಿನ ಹಿಂದೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಎಷ್ಟು ಬಿತ್ತು ಅಂದಳು. ಒಂದೂ ಬೀಳಲಿಲ್ಲ ಅಂದೆ. ಬೆನ್ನಿಗೊಂದು ಗುದ್ದಿದಳು. ಇನ್ನೂ ನೋಯುತ್ತಿದೆ.

ಜುಲೈ 17.

ಟ್ರಕ್ಕಿನೊಳಗೆ ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ರಸ್ತೆಯದ್ದೇ ತಪ್ಪು.

ಬೆಳಿಗ್ಗೆಯಿಂದ ಸ್ಟೇರಿಂಗ್ ಅವಳದು. ಎದುರಿನ ಗಾಜನ್ನು ನಿಂತಲ್ಲೆಲ್ಲ ಒರೆಸುತ್ತಾಳೆ. ಮೋಡ ಕಂಡರೂ ಹೇಳುತ್ತಾಳೆ, ಹಸು ಕಂಡರೂ ಹೇಳುತ್ತಾಳೆ. ನಾನು ಮಲಗಬೇಕಾದ ಹೊತ್ತಿನಲ್ಲಿ ಎಬ್ಬಿಸಿ ಹೇಳುತ್ತಾಳೆ. ಪೊಲೀಸಮ್ಮ ಫೋನ್ ಮಾಡಿದ್ದಳು — ತಂಗಿ ವಾಪಸ್ ಬಂದಿದ್ದಾಳಂತೆ, ಹೊಸ ಬ್ಯಾಚಿಗೆ ಸೇರಿದ್ದಾಳಂತೆ.

ಗೋಡೌನ್ ಬಂತು. ಮೊದಲನೇ ಲೋಡ್. ಬಾಗಿಲು ಇಕ್ಕಟ್ಟು. ಅತ್ತಿಗೆ ರಿವರ್ಸ್ ಹಾಕುತ್ತಿದ್ದಾಳೆ. ಇಳಿದಳು, ನೋಡಿದಳು, ಹತ್ತಿದಳು. ಮತ್ತೆ ಇಳಿದಳು. ಹಿಂದಿನ ಟ್ರಕ್ಕಿನವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದಾನೆ. ಹತ್ತಿ ಬಂದು ಕೂತಿದ್ದಾಳೆ, ಗೇರ್ ಹಾಕುತ್ತಿಲ್ಲ. ನನ್ನ ಕಡೆ ನೋಡುತ್ತಿದ್ದಾಳೆ. ಸಹಾಯ ಕೇಳುವುದಿಲ್ಲ, ಗೊತ್ತು. ಕೇಳಿ ಗೊತ್ತಿಲ್ಲದವಳು.

ಬಡಿದರೆ ಕೇಳಿಸದು. ಅವಳ ಮಿರರಿನಲ್ಲಿ ಕಾಣುವ ಕಡೆ ನಿಂತು ಕೈ ಬೀಸಬೇಕು. ಕೂಗಲೂಬೇಕು, ಕೇಳಿಸದಿದ್ದರೂ. ಬಂದೆ ಅತ್ತಿಗೆ, ತಾಳಿ, ಇಳಿದು ನೋಡ್ತೀನಿ...